ತೂಕದ ಅಧ್ಯಾಯ ಮತ್ತೆ ಬರೆದಿದ್ದು

ಕಾದಂಬರಿ ಬರೆಯೋದು ಹೆಂಗೆ ಅಂತ ಹೇಳ್ಕೊಡೋರು ಬೇಕಾದಷ್ಟು ಜನ ಸಿಗ್ತಾರೆ. ಬರೆದು ಮುಗಿಸಿದ್ಮೇಲೆ ಏನ್ ಮಾಡ್ಬೇಕು ಅಂತ ಕೇಳಿ ನೋಡಿ, "ಒಂಚೂರು ತಿದ್ದಿ ತೀಡಿ ಪಬ್ಲಿಷರ್‌ಗೆ ಕಳ್ಸಿ" ಅಂದು ಮುಗಿಸಿಬಿಡ್ತಾರೆ. ಆ ಒಂಚೂರು ತಿದ್ದೋದ್ರಲ್ಲಿ ನಂಗೆ ಬರೆಯೋಕೆ ಹಿಡಿದದ್ದಕ್ಕಿಂತ ಜಾಸ್ತಿ ಕಾಲ ಹೋಗಿದೆ, ಎಷ್ಟೋ ಪುಟ ಬುಟ್ಟಿಗೆ ಹೋಗಿದೆ, ಕೊನೆಗೆ ಕಥೆ ಯಾರದ್ದು ಅನ್ನೋದೇ ಬದಲಾಗಿ ಕೂತಿದೆ. ಅದೆಲ್ಲ ಹೆಂಗಾಯ್ತು ಅಂತ ಮರೆಯೋಕ್ ಮುಂಚೆ ಬರೆದಿಡ್ತಿದೀನಿ.

ನಾನು ಹಾಸನದಲ್ಲಿ ಮೆಡಿಕಲ್ ಸ್ಟೋರ್ ಇಟ್ಕೊಂಡಿರೋನು. ಹುಟ್ಟಿದ್ದು ಸಕಲೇಶಪುರದಾಚೆ ಒಂದು ಹಳ್ಳೀಲಿ. ಮಧ್ಯಾಹ್ನ ಎರಡರಿಂದ ನಾಲ್ಕೂವರೆ ತನಕ ಡಾಕ್ಟ್ರುಗಳೆಲ್ಲ ಊಟಕ್ಕೆ ಹೋಗಿರ್ತಾರೆ, ಚೀಟಿ ಹಿಡ್ಕೊಂಡು ಬರೋರು ಕಮ್ಮಿ, ಆ ಹೊತ್ತಲ್ಲಿ ಕೌಂಟರ್ ಹಿಂದೆ ಕೂತು ಬರೆದ ಕಾದಂಬರಿ ಇದು. 1988ರಿಂದ 2002ರ ತನಕ ಒಂದು ಕಾಫಿ ಎಸ್ಟೇಟಲ್ಲಿ ನಡೆಯತ್ತೆ. ಎಸ್ಟೇಟ್ ರೈಟರ್ ಶಿವಣ್ಣ (ರೈಟರ್ ಅಂದ್ರೆ ಹಾಜರಿ, ಕೂಲಿ ಲೆಕ್ಕ ಬರೆಯೋ ಗುಮಾಸ್ತ), ಅವನ ಮಗಳು ಸುಮ, ಓನರ್ ಗೌಡರ ಮನೆ, ಕೂಲಿಯೋರು ಇರೋ ಲೈನ್ ಮನೆಗಳ ಜನ. ನಾನು ಬರೀತೀನಿ ಅನ್ನೋದು ಗಿರಾಕಿಗಳಿಗೆಲ್ಲ ಗೊತ್ತು. 2025ರ ಮೇ ತಿಂಗಳಲ್ಲಿ ನಮ್ಮೂರಿನ ಬಾನು ಮುಷ್ತಾಕ್ ಮೇಡಂಗೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಅವತ್ತಿಂದ ಬಿ.ಪಿ. ಮಾತ್ರೆ ತಗೊಳೋಕ್ ಬಂದೋರೆಲ್ಲ "ನಿಮ್ದ್ಯಾವಾಗ ಸಾರ್ ಲಂಡನ್ನು?" ಅಂತ ಕೇಳ್ಕೊಂಡೇ ಹೋಗೋರು. ನಾನೂ ನಗ್ತಿದ್ದೆ. ಒಳಗೊಳಗೇ ಮಾತ್ರ ಇದಿನ್ನೂ ಹಾಸನ ದಾಟಲ್ಲ ಅನ್ನೋದು ಗೊತ್ತಿತ್ತು.

ಮೊದಲ ಕರಡು ಮುಗಿದಿದ್ದು ಆಷಾಢದಲ್ಲಿ. ಮುಗಿದ ಮಾರನೇ ದಿನವೇ ಮೊದಲ ಪುಟದಿಂದ ತಿದ್ದೋಕೆ ಕೈ ಕಡೀತಿತ್ತು, ಆದ್ರೆ ಹಾಸನಾಂಬೆ ಬಾಗಿಲು ತೆಗೆಯೋ ತನಕ ಫೈಲ್ ಓಪನ್ ಮಾಡಲ್ಲ ಅಂತ ಹಟ ಹಿಡಿದೆ. ದೇವಿ ಬಾಗಿಲು ತೆಗೆಯೋದು ಆಶ್ವಯುಜ ಹುಣ್ಣಿಮೆ ಆದ್ಮೇಲೆ ಬರೋ ಮೊದಲ ಗುರುವಾರ, ಅಲ್ಲೀತನಕ ಸಾಕಷ್ಟು ಟೈಮ್ ಸಿಗತ್ತೆ ಅನ್ನೋ ಲೆಕ್ಕ ಅಷ್ಟೆ, ಭಕ್ತಿ ಏನಿಲ್ಲ. ತಕ್ಷಣ ಓದಿದ್ರೆ ಪುಟದ ಮೇಲೆ ಇರೋದು ಕಾಣಲ್ಲ, ತಲೇಲಿ ಇರೋದೇ ಕಾಣತ್ತೆ. ನಾವು ಬರೀದೆ ಬಿಟ್ಟಿದ್ದನ್ನೂ ತಲೆ ತಾನೇ ತುಂಬ್ಕೊಂಡು ಓದ್ಬಿಡತ್ತೆ. ಮಧ್ಯ ಬೇರೆ ಏನಾದ್ರೂ ಬರೀರಿ, ಬರೀದೇನೂ ಇರಿ, ಆದ್ರೆ ಇದನ್ನ ಮಾತ್ರ ಮುಟ್ಬೇಡಿ.

ಆಮೇಲೆ ಪಕ್ಕದ ಜೆರಾಕ್ಸ್ ಅಂಗಡೀಲಿ ಪೂರ್ತಿ ಪ್ರಿಂಟ್ ತೆಗೆಸ್ದೆ. ಒಂದೇ ಮಗ್ಗುಲು, ಸಾಲುಗಳ ಮಧ್ಯ ಜಾಗ ಬಿಟ್ಟು, ಫಾಂಟ್ ಬೇರೆ ಹಾಕಿ. ಫಾಂಟ್ ಬದಲಾಯಿಸೋದು ಸಣ್ಣ ಉಪಾಯ, ಆದ್ರೆ ಕೆಲಸ ಮಾಡತ್ತೆ, ಬೇರೆ ಯಾರೋ ಬರೆದಿದ್ದನ್ನ ಓದ್ದಂಗೆ ಆಗತ್ತೆ. ಜೆರಾಕ್ಸ್ ಹುಡುಗ "ಯಾವ್ದಾದ್ರೂ ಕೇಸಾ ಸಾರ್?" ಅಂದ, ಅಷ್ಟು ದಪ್ಪ ಇತ್ತು. ಮೊದಲ ಸಲ ಓದುವಾಗ ಪೆನ್ ಹಿಡೀಲಿಲ್ಲ, ಪೆನ್ನಿದ್ರೆ ಕಾಗುಣಿತ ತಿದ್ಕೊಂಡೇ ಕೂತ್ಬಿಡ್ತೀವಿ, ಇಡೀ ಅಧ್ಯಾಯನೇ ಕಿತ್ತಾಕೋದು ಅಂತಿದ್ರೆ ಆ ಕಾಗುಣಿತ ತಿದ್ದಿ ಏನ್ ಬಂತು. ಒಂದು ಪೆನ್ಸಿಲ್ ಮಾತ್ರ ಇಟ್ಕೊಂಡಿದ್ದೆ, ಓದ್ತಾ ಓದ್ತಾ ಎಲ್ಲಿ ನನ್ನ ಕೈ ಫೋನಿಗೆ ಹೋಗತ್ತೋ ಅಲ್ಲಿ ಮಾರ್ಜಿನ್‌ನಲ್ಲಿ ಒಂದು ಚುಕ್ಕೆ. ಇಷ್ಟೇ. ಗಿರಾಕಿ ಬಂದಾಗ ಯಾವ ಪುಟ ಖುಷಿಯಿಂದ ಕೆಳಗಿಟ್ಟೆ, ಯಾವ ಪುಟ "ಥೂ ಈಗ್ಲೇ ಬರ್ಬೇಕಾ" ಅಂತ ಬೈಕೊಂಡು ಇಟ್ಟೆ ಅನ್ನೋದೂ ಗೊತ್ತಾಗ್ತಿತ್ತು. ಅಂಗಡೀಲಿ ಕೂತು ಓದೋದರ ಲಾಭ ಅದು.

ಓದಿ ಮುಗಿಸಿ ನೋಡಿದ್ರೆ ಚುಕ್ಕೆಗಳೆಲ್ಲ ಗುಂಪು ಗುಂಪಾಗಿ ಬಿದ್ದಿದ್ವು. ಮೊದಲ ಅಧ್ಯಾಯದಲ್ಲಿ, ಅಂದ್ರೆ ಮಲೆನಾಡ ಮಳೆ ವರ್ಣನೆ ಇದ್ದ ಕಡೆ, ಪುಟಕ್ಕೆ ಎರಡೆರಡು. ಗೌಡರ ಮನೆ ಮದುವೆ ಅಧ್ಯಾಯಗಳಲ್ಲಿ ತುಂಬಾ. ರೈಟರ್ ಮಗಳು ಸುಮ ಬರೋ ಕಡೆ ಒಂದೂ ಇಲ್ಲ. ಆಗ್ಲೇ ಅರ್ಥ ಮಾಡ್ಕೋಬೇಕಿತ್ತು ಅನ್ಸತ್ತೆ ಈಗ, ಆದ್ರೆ ಆಗ ನನ್ನ ತಲೇಲಿ ಇದು ಗೌಡರ ಮನೆತನದ ಕಥೆ, ದೊಡ್ಡ ಮನೆ ಬೀಳೋ ಕಥೆ, ಸುಮ ಪಕ್ಕದ ಪಾತ್ರ.

ಅಂಗಡೀಲಿ ಹಳೇದೊಂದು ಉದ್ದನೆ ಸ್ಟಾಕ್ ರಿಜಿಸ್ಟರ್ ಖಾಲಿ ಬಿದ್ದಿತ್ತು, ಅದ್ರಲ್ಲಿ ಕಾಲಂ ಹಾಕಿ ಒಂದೊಂದು ಸಾಲಲ್ಲಿ ಒಂದೊಂದು ಅಧ್ಯಾಯ ಇಳಿಸ್ದೆ. ಯಾವ ವರ್ಷ, ಯಾವ ತಿಂಗಳು, ತೋಟದಲ್ಲಿ ಆಗ ಏನ್ ಕೆಲಸ, ಯಾರ ಕಣ್ಣಲ್ಲಿ ನೋಡ್ತಿದೀವಿ, ಈ ಅಧ್ಯಾಯದಲ್ಲಿ ಯಾರಿಗೆ ಏನ್ ಬೇಕು, ಸಿಕ್ತಾ ಇಲ್ವಾ. ಕೊನೇ ಕಾಲಂ ತುಂಬೋಕ್ ಆಗದ ಅಧ್ಯಾಯಗಳು ಸುಮಾರಿದ್ವು. ಜನ ಬರ್ತಾರೆ, ಕಾಫಿ ಕುಡೀತಾರೆ, ಹಳೇ ಕಥೆ ಹೇಳ್ತಾರೆ, ಹೋಗ್ತಾರೆ, ಯಾರಿಗೂ ಏನೂ ಬೇಡ. ನಮ್ಮ ಕಡೆ ನಿಜವಾಗ್ಲೂ ಹಂಗೇ ನಡೆಯತ್ತೆ ಅನ್ನೋದು ಬೇರೆ ಮಾತು.

ಇಲ್ಲಿ ಒಂದು ವಿಷ್ಯ ಹೇಳ್ಬಿಡ್ತೀನಿ. ತಿದ್ದೋದನ್ನ ನಮ್ಮ ಕಡೆ ಬರೆಯೋರು ಕಾಫಿ ಗಿಡ ಕಸಿ ಮಾಡೋದಕ್ಕೆ (ತೋಟದ ಮಾತಲ್ಲಿ ಕಸಿ ಅಂದ್ರೆ ರೆಂಬೆ ಸವರೋದು) ಹೋಲಿಸ್ತಾರೆ, ಬೇಡದ ರೆಂಬೆ ತೆಗೆದ್ರೆ ಫಸಲು ಚೆನ್ನಾಗ್ ಬರತ್ತೆ ಅಂತ. ಕೇಳೋಕೆ ಚೆನ್ನಾಗಿದೆ, ಆದ್ರೆ ಕಸಿ ಮಾಡೋನಿಗೆ ಯಾವ್ದು ಸುಮ್ನೆ ನೆಟ್ಟಗೆ ಏಳೋ ಕಂಬಚಿಗುರು, ಯಾವ್ದು ಕಾಯಿ ಬಿಡೋ ರೆಂಬೆ ಅಂತ ನೋಡಿದ್ ತಕ್ಷಣ ಗೊತ್ತಾಗತ್ತೆ. ನಂಗೆ ಗೊತ್ತಾಗ್ತಿರ್ಲಿಲ್ಲ. ಗಿಡ ಯಾವ್ದು ಅನ್ನೋದೇ ಗೊತ್ತಿರ್ಲಿಲ್ಲ.

ಸುಲಭವಾಗಿ ಹೋಗಿದ್ದು ಮೊದ್ಲು ಹೋಯ್ತು. ಮಳೆ ಅಧ್ಯಾಯ ಪೂರ್ತಿ ಔಟ್. ಗೌಡರಿಗೆ ಇಬ್ಬರು ಅಕ್ಕಂದಿರಿದ್ರು, ಇಬ್ರೂ ಒಂದೇ ಥರ ಕೊಂಕು ಮಾತಾಡೋರು, ಒಬ್ಬರನ್ನ ಇನ್ನೊಬ್ಬರಲ್ಲಿ ಸೇರ್ಸ್ಬಿಟ್ಟೆ, ಯಾರೂ ಅಳ್ಲಿಲ್ಲ. ತೆಗೆದಿದ್ದನ್ನೆಲ್ಲ ಡಿಲೀಟ್ ಮಾಡೋಕೆ ಜೀವ ಬರಲ್ಲ, ಅದಕ್ಕೆ ಬೇರೆ ಫೈಲಲ್ಲಿ ಹಾಕಿಟ್ಟೆ. ಅಲ್ಲಿಂದ ವಾಪಸ್ ತಂದಿದ್ದು ಒಂದೇ ಒಂದು ಪ್ಯಾರಾ. ಆದ್ರೂ ಆ ಫೈಲ್ ಇದೆ ಅನ್ನೋ ಧೈರ್ಯಕ್ಕೇ ಕತ್ತರಿ ಆಡಿದ್ದು.

ಆಮೇಲೆ ಶುರುವಾಗಿದ್ದು ಅಸಲಿ ತಲೆನೋವು, ರಿಜಿಸ್ಟರ್‌ನ ವರ್ಷ-ತಿಂಗಳ ಕಾಲಂ. ದೀಪಾವಳಿ ರಾತ್ರಿ ಬೆಳದಿಂಗಳಲ್ಲಿ ಸುಮ ಲೈನ್ ಮನೆ ಕಡೆ ನಡ್ಕೊಂಡು ಹೋಗ್ತಾಳೆ ಅಂತ ಬರೆದಿದ್ದೆ, ದೀಪಾವಳಿ ಅಮಾವಾಸ್ಯೆ, ಬೆಳದಿಂಗಳು ಎಲ್ಲಿಂದ ಬರತ್ತೆ. ಅದು ಒಂದು ನಿಮಿಷದ ಕೆಲಸ, ಕೈಗೊಂದು ಟಾರ್ಚ್ ಕೊಟ್ಟೆ. 1999ರಲ್ಲಿ ಗೌಡರ ಮಗ ಸಕಲೇಶಪುರದಲ್ಲಿ ರೈಲು ಹತ್ತಿ ಮಂಗಳೂರಿಗೆ ಓದೋಕೆ ಹೋಗ್ತಾನೆ, ಸುರಂಗ, ಜಲಪಾತ, ಸೇತುವೆ ಎಲ್ಲ ಚೆನ್ನಾಗಿ ಬಂದಿತ್ತು. ಆದ್ರೆ ಆ ಘಾಟಿ ಲೈನಿನ ಮೀಟರ್ ಗೇಜ್ ಗಾಡಿ 1996ರ ಹೊತ್ತಿಗೆ ನಿಂತುಹೋಗಿತ್ತು, ಬ್ರಾಡ್ ಗೇಜ್ ಆಗಿ ಮತ್ತೆ ಪ್ಯಾಸೆಂಜರ್ ಗಾಡಿ ಓಡಿದ್ದು 2007ರ ಡಿಸೆಂಬರಲ್ಲಿ. ನನ್ನ ಕಥೆ 2002ಕ್ಕೇ ಮುಗಿಯತ್ತೆ. ಹುಡುಗನ್ನ ಶಿರಾಡಿ ಘಾಟಿ ಬಸ್ಸಲ್ಲಿ ಕೂರ್ಸಿ ವಾಂತಿ ಮಾಡಿಸ್ದೆ, ಅಧ್ಯಾಯ ಮೊದ್ಲಿಗಿಂತ ಚೆನ್ನಾಗೇ ಆಯ್ತು, ಯಾಕಂದ್ರೆ ಆ ಹುಡುಗನಿಗೆ ಜಲಪಾತ ನೋಡೋ ಮನಸ್ಥಿತಿ ಅವತ್ತು ಇರ್ಲೇ ಇಲ್ಲ, ಅದು ನಂಗಿದ್ದಿದ್ದು.

ಕಾಫಿ ವಿಷ್ಯಕ್ಕೆ ಬಂದ್ರೆ ನಂಗೆ ಸ್ವಲ್ಪ ಅನುಮಾನ ಇತ್ತು, ನಾನು ಚಿಕ್ಕ ವಯಸ್ಸಲ್ಲೇ ಊರು ಬಿಟ್ಟೋನು. ನಮ್ಮ ದೊಡ್ಡಪ್ಪ ಜೀವಮಾನ ಪೂರ್ತಿ ಎಸ್ಟೇಟ್ ರೈಟರ್ ಆಗಿದ್ದೋರು, ಈಗ ಊರಲ್ಲೇ ಇದಾರೆ. ಪ್ರಿಂಟ್ ತಗೊಂಡ್ಹೋಗಿ ಕೊಟ್ಟು, ತಪ್ಪಿದ್ರೆ ಗುರುತು ಹಾಕಿ ಅಂದೆ. ಶುಂಠಿ ಬಿತ್ತನೆ ಮುಗಿದ್ಮೇಲೆ ಫೋನ್ ಬಂತು, "ಬಂದೋಗು" ಅಂತ.

ಹೋದೆ. ಜಗಲಿ ಮೇಲೆ ಕೂತು, ಪುಟಗಳನ್ನ ಮೂರು ಕಟ್ಟು ಮಾಡಿ ಇಟ್ಕೊಂಡಿದ್ರು, ಪೆನ್ಸಿಲ್ ಕಿವಿ ಮೇಲೆ.

"ಈ ಕಟ್ಟು ಓದ್ಲಿಲ್ಲ ಕಣ್ಲ. ಬರೀ ಮಂಜು, ಮಳೆ. ನಾನ್ ನೋಡಿಲ್ವ ಮಳೇನ."

ನಾನು ಅದನ್ನಾಗ್ಲೇ ತೆಗೆದಾಗಿದೆ ದೊಡ್ಡಪ್ಪ ಅಂದೆ.

ಎರಡನೇ ಕಟ್ಟು ಮದುವೆದು. ಗೌಡರು 1990ರಲ್ಲಿ ಮಗಳ ಮದುವೆಗೆ ಅಂತ ಕಾಫಿ ಮಾರ್ತಾರೆ, ವ್ಯಾಪಾರಿ ಜೀಪಲ್ಲಿ ಬಂದು ನೋಟಿನ ಕಂತೆ ಎಣಿಸಿ ಕೊಟ್ಟು ಹೋಗ್ತಾನೆ. ಆ ಸಾಲಿನ ಪಕ್ಕ ದೊಡ್ಡಪ್ಪ ದೊಡ್ಡದಾಗಿ ಇಂಟು ಹಾಕಿದ್ರು. ಆ ಕಾಲದಲ್ಲಿ ಕಾಫಿ ಹಂಗೆ ಮಾರೋ ಹಾಗೇ ಇರ್ಲಿಲ್ಲ. ಬೆಳೆದಿದ್ದನ್ನ ಕಾಫಿ ಬೋರ್ಡಿನ ಪೂಲ್‌ಗೆ ಕೊಡ್ಬೇಕು, ಎಲ್ಲರದ್ದೂ ಒಟ್ಟು ಸೇರ್ಸಿ ಬೋರ್ಡೇ ಮಾರೋದು, ಬೀಜ ಬಿಡಿಸಿ ಹದ ಮಾಡೋ ಕ್ಯೂರಿಂಗ್ ವರ್ಕ್ಸ್‌ಗೆ ಹೋಗತ್ತೆ, ಅಲ್ಲಿ ಗುಣ ನೋಡಿ ಪಾಯಿಂಟ್ ಲೆಕ್ಕ ಹಾಕಿ ದುಡ್ಡು ಕಂತು ಕಂತಾಗಿ ಬರತ್ತೆ, ಕೊನೇ ಕಂತು ಬರೋಷ್ಟರಲ್ಲಿ ಮುಂದಿನ ಫಸಲೇ ಬಂದಿರ್ತಿತ್ತು. 1992ರಿಂದ ಒಂದೊಂದು ಪಾಲು ಹೊರಗೆ ಮಾರ್ಕೋಬಹುದು ಅಂತ ಸಡಿಲ ಆಗ್ತಾ ಬಂದು, ಎಲ್ಲರೂ ಪೂರ್ತಿ ತಾವೇ ಮಾರೋ ಹಂಗಾಗಿದ್ದು 1996ರಲ್ಲಿ. ಇದು ನಂಗೆ ಪುಸ್ತಕದಲ್ಲಿ ಓದಿ ಅರೆಬರೆ ಗೊತ್ತಿತ್ತು, ಆದ್ರೆ ಬರೆಯುವಾಗ ನೋಟಿನ ಕಂತೆ ಬೇಕಿತ್ತು, ಅದು ಕಣ್ಣಿಗೆ ಚೆನ್ನಾಗ್ ಕಾಣತ್ತಲ್ಲ.

"ಹಂಗಾದ್ರೆ ಮದ್ವೆಗೆ ದುಡ್ಡು?" ಅಂತ ಕೇಳ್ದೆ.

"ಸಾಲ. ಬೋರ್ಡಿಂದ ಬರೋದೈತೆ ಅಂತ ತೋರ್ಸಿ ಸಾಲ. ಗೌಡ್ರ ಮನೇಲಿ ಕಾಫಿ ರಾಶಿ ಬಿದ್ದಿರೋದು, ಜೇಬಲ್ಲಿ ಕಾಸಿರ್ತಿರ್ಲಿಲ್ಲ. ಕೂಲಿ ಬಟವಾಡೆ ಮುಂದಕ್ ಹೋಗೋದು. ನಮ್ ಸಂಬಳನೂವೆ."

ಆ ಕೊನೇ ಮಾತು ಅವರು ಹಂಗೇ ಸುಮ್ನೆ ಹೇಳಿದ್ದು. ನಾನು ಅದನ್ನ ಹಿಡ್ಕೊಂಡು ಕೂತೆ, ಯಾಕಂದ್ರೆ ನನ್ನ ಕರಡಲ್ಲಿ ರೈಟರ್ ಶಿವಣ್ಣ ಯಾಕೆ ಕದಿಯೋಕೆ ಶುರು ಮಾಡ್ತಾನೆ ಅನ್ನೋದಕ್ಕೆ ಕಾರಣವೇ ಇರ್ಲಿಲ್ಲ, "ದುರಾಸೆ" ಅಂತ ಬರೆದು ಮುಂದೆ ಹೋಗಿದ್ದೆ. ಗೌಡರ ಮನೇಲಿ ಚಪ್ಪರ ಏಳ್ತಿದೆ, ಇತ್ತ ಬಟವಾಡೆ ಇಲ್ಲ, ರೈಟರ್‌ಗೆ ಸಂಬಳ ಇಲ್ಲ, ಅವನ ಮಗಳಿಗೆ ಕಾಲೇಜು ಫೀಸ್ ಕಟ್ಬೇಕು. ನೋಟಿನ ಕಂತೆ ಹೋದ್ರೆ ಹೋಯ್ತು, ಇಡೀ ಮದುವೆ ಈಗ ಯಾರ ಖರ್ಚಲ್ಲಿ ನಡೀತಿದೆ ಅನ್ನೋದು ಕಾಣೋಕೆ ಶುರುವಾಯ್ತು.

ಮೂರನೇ ಕಟ್ಟಲ್ಲಿ ಇದ್ದಿದ್ದು ಆ ಕಳ್ಳತನ.

"ಇವ್ನು ಹಾಜ್ರಿ ಪುಸ್ತಕದಲ್ಲಿ ಇಲ್ದೆ ಇರೋರ್ ಹೆಸ್ರು ಬರ್ದು ದುಡ್ ಹೊಡೀತಾನೆ ಅಂತ ಹಾಕಿದೀಯ."

"ಹೂಂ ದೊಡ್ಡಪ್ಪ."

"ಎಷ್ಟ್ ಕಾಲ ಹೊಡ್ದ?"

"ಎರಡು ವರ್ಷ."

ದೊಡ್ಡಪ್ಪ ಕನ್ನಡಕ ತೆಗೆದು ನನ್ನನ್ನೇ ನೋಡಿದ್ರು. "ಎರಡು ವಾರ ಆಗಲ್ಲ ಕಣ್ಲ. ಬಟವಾಡೆ ದಿನ ಹೆಸ್ರು ಕೂಗಿದ್ರೆ ಕೈ ಯಾರ್ ನೀಡ್ತಾರೆ? ಮೇಸ್ತ್ರಿನ ಸೇರಿಸ್ಕಬೇಕು. ಮೇಸ್ತ್ರಿಗೆ ಗೊತ್ತಾದ್ರೆ ಅವನ ಹೆಂಡ್ರಿಗೆ ಗೊತ್ತು, ಅವಳಿಗೆ ಗೊತ್ತಾದ್ರೆ ಲೈನಿಗೆಲ್ಲ ಗೊತ್ತು, ಸಂಜೆ ಒಳಗೆ ಗೌಡ್ರ ಜಗಲಿಗೆ ಬಂತು."

"ಮತ್ತೆ ಹೆಂಗ್ ಮಾಡೋದು?"

"ಕದಿಯೋನು ತೂಕದಲ್ಲಿ ಕದೀತಾನೆ."

ಆಮೇಲೆ ಎದ್ದು ನಿಂತು, ತೊಲೆಗೆ ಕೈ ತೋರ್ಸಿ, ಪೂರ್ತಿ ಮಾಡಿ ತೋರ್ಸಿದ್ರು. ಕುಯ್ಲಿನ ಕಾಲದಲ್ಲಿ ಕೇಜಿ ಲೆಕ್ಕದಲ್ಲಿ ಕೂಲಿ. ಸಂಜೆ ಕಣದ ಹತ್ರ ಸಾಲು, ಕತ್ತಲಾಗ್ತಾ ಬಂದಿರತ್ತೆ, ಹೆಂಗಸರಿಗೆಲ್ಲ ಮನೆಗೆ ಹೋಗಿ ಒಲೆ ಹಚ್ಚೋ ಆತುರ. ಸ್ಪ್ರಿಂಗ್ ತಕ್ಕಡಿ ಮೇಲೆ ನೇತಾಕಿರತ್ತೆ, ಹಣ್ಣಿನ ಚೀಲ ಕೊಕ್ಕೆಗೆ ಸಿಗಿಸೋಕೆ ಕುಯ್ದೋರು ಬಗ್ಗಿ ಎತ್ತಿ ಹಿಡ್ಕೊಂಡಿರ್ತಾರೆ, ಮುಳ್ಳು ನೋಡೋಕೆ ಆಗೋದು ರೈಟರ್ ಒಬ್ಬನಿಗೇ. ಮೂವತ್ತಿದ್ರೆ ಇಪ್ಪತ್ತೆಂಟು ಅಂತ ಕೂಗೋದು. ಕೇಳಿದ್ರೆ ಚೀಲದ ತೂಕ, ಎಲೆ ಸೇರಿದೆ, ಕಾಯಿ ಸೇರಿದೆ. ಯಾರೂ ಕೇಳಲ್ಲ. ಆ ಎರಡೆರಡು ಕೇಜಿ ಎಲ್ಲ ಸೇರ್ಸಿ, ಸಾಲಲ್ಲೇ ನಿಂತಿರೋ ಇನ್ನೊಂದು ಹೆಸರಿಗೆ ಹಾಕೋದು, ಬಟವಾಡೆ ದಿನ ಕೈ ನೀಡೋಕೆ ಆ ಮನುಷ್ಯ ನಿಜವಾಗ್ಲೂ ಇರ್ತಾರೆ. ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್‌ಗೆ ಬಿದ್ದ ಹಣ್ಣಿನ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ಸರಿಯಾಗಿ ತಾಳೆ ಆಗತ್ತೆ.

"ಗೌಡ್ರಿಗೆ ಒಂದ್ ಪೈಸೆ ಲಾಸಿಲ್ಲ. ಅದ್ಕೇ ಯಾರೂ ಹಿಡಿಯಕ್ಕಿಲ್ಲ. ನಿನ್ ರೈಟ್ರು ಗೌಡ್ರುದ್ ಕದೀತಾನೋ, ಕೂಲಿಯೋರ್ದು ಕದೀತಾನೋ, ಅದ್ ಮೊದ್ಲು ಹೇಳು."

ಒಳಗಿಂದ ದೊಡ್ಡಮ್ಮ, "ಇಷ್ಟ್ ಚೆನ್ನಾಗ್ ಗೊತ್ತಿದ್ದೋರು ನಮ್ಮನೇಗೊಂದು ಫ್ರಿಜ್ ಯಾಕೆ ತರ್ಲಿಲ್ಲ ಕೇಳಪ್ಪ" ಅಂದ್ರು. ದೊಡ್ಡಪ್ಪ ಕೇಳಿಸ್ಕೊಳ್ದೋರ ಥರ ಪೆನ್ಸಿಲ್ ಚೂಪು ಮಾಡ್ತಾ ಕೂತ್ರು.

ಬಸ್ಸಲ್ಲಿ ವಾಪಸ್ ಬರುವಾಗ ನನ್ನ ತಲೇಲಿ ಓಡ್ತಿದ್ದಿದ್ದು ಒಂದೇ, ಆ ಇನ್ನೊಂದು ಹೆಸರು ಯಾರದ್ದು. ಹಾಸನ ಬರೋಷ್ಟರಲ್ಲಿ ಸಿಕ್ತು. ಸುಮ. ಕಾಲೇಜು ರಜೇಲಿ ಅವಳೂ ಕುಯ್ಲಿಗೆ ಹೋಗ್ತಾಳೆ, ಕರಡಲ್ಲಿ ಅದು ಎರಡು ಸಾಲಲ್ಲಿ ಆಗ್ಲೇ ಇತ್ತು. ಅಪ್ಪ ಅವಳ ಹೆಸರಿಗೇ ತೂಕ ಸೇರ್ಸ್ತಾ ಹೋಗ್ತಾನೆ. ಲೈನಲ್ಲಿ ಎಲ್ರೂ "ರೈಟ್ರು ಮಗಳು ಎಷ್ಟ್ ಕೈಬೀಸು ನೋಡು, ನಮಗಿಂತ ಜಾಸ್ತಿ ಕುಯ್ತಾಳೆ" ಅಂತ ಹೊಗಳ್ತಾರೆ, ಅವಳಿಗೂ ಹೆಮ್ಮೆ. ಒಂದಿನ ಪುಸ್ತಕ ಅವಳ ಕೈಗೆ ಸಿಗತ್ತೆ. ಅವಳು ಜ್ವರ ಬಂದು ಅರ್ಧ ದಿನಕ್ಕೇ ಮನೆಗೆ ಬಂದಿದ್ದ ದಿನದ ಮುಂದೆ, ಅವಳ ಹೆಸರಲ್ಲಿ, ಎಲ್ಲರಿಗಿಂತ ಜಾಸ್ತಿ ಕೇಜಿ.

ಆ ಅಧ್ಯಾಯ ಮೊದ್ಲು ಹೆಂಗಿತ್ತು ಅಂದ್ರೆ, ಶಿವಣ್ಣ ರಾತ್ರಿ ದೀಪದ ಮುಂದೆ ಕೂತು ಸುಳ್ಳು ಹೆಸರು ಬರೀತಾನೆ, "ಅವನ ಅಂತರಾತ್ಮದಲ್ಲಿ ಅಪರಾಧಿ ಪ್ರಜ್ಞೆಯ ಕಾರ್ಮೋಡ ಕವಿಯತೊಡಗಿತು" ಅಂತ ಒಂದು ವಾಕ್ಯ. ಬರೆದಾಗ ಬಹಳ ಇಷ್ಟ ಆಗಿತ್ತು ಅದು. ಈಗ ಆ ಅಧ್ಯಾಯದಲ್ಲಿ ಕಣ ಇದೆ, ಸಾಲಿದೆ, ಕೊಕ್ಕೆಗೆ ಚೀಲ ಎತ್ತಿ ಹಿಡಿದು ಕೈ ನಡುಗ್ತಿರೋ ದ್ಯಾವಮ್ಮಜ್ಜಿ ಇದೆ. "ಮುಳ್ಳು ಮೂವತ್ತರ ಗೆರೆ ದಾಟಿ ನಿಂತಿತ್ತು. ಇಪ್ಪತ್ತೆಂಟು ಅಂದ್ರು ಅಪ್ಪ. ಅಜ್ಜಿ ಚೀಲ ಇಳಿಸ್ತು." ಅಷ್ಟೆ, ಕಾರ್ಮೋಡ ಗೀರ್ಮೋಡ ಏನಿಲ್ಲ. ಈ ಮೂರು ವಾಕ್ಯಕ್ಕೆ ನಾನು ಎಷ್ಟು ಮಧ್ಯಾಹ್ನ ಕೂತಿದೀನಿ ಅಂತ ಹೇಳಿದ್ರೆ ನಗ್ತೀರ.

ಅಲ್ಲಿ 'ಅಂದ್ರು', 'ಇಳಿಸ್ತು' ಅಂತ ಇದೆಯಲ್ಲ, ಅದು ಬರೋಕೆ ಇನ್ನೊಂದು ಸುತ್ತು ಪೂರ್ತಿ ಹಿಡೀತು. ಕರಡು ಇದ್ದಿದ್ದು ಯಾರದ್ದೂ ಅಲ್ಲದ ದನೀಲಿ, ಮೇಲಿಂದ ನೋಡ್ಕೊಂಡು ಹೇಳೋ ಥರ, ಪುಸ್ತಕದ ಕನ್ನಡದಲ್ಲಿ. ಅದ್ರಲ್ಲಿ ಗೌಡರು ಬಂದರು, ರೈಟರ್ ಬಂದ, ಮುದುಕಿ ಬಂದಳು. ಇಪ್ಪತ್ತು ವರ್ಷದ ಗೌಡರ ಮಗನಿಗೆ ಬಹುವಚನ, ಎಪ್ಪತ್ತು ದಾಟಿದ ದ್ಯಾವಮ್ಮನಿಗೆ ಏಕವಚನ. ನಾನು ಯೋಚನೆ ಮಾಡಿ ಹಾಕಿದ್ದಲ್ಲ, ಕೈ ತಾನಾಗೇ ಹಂಗೆ ಬರ್ಕೊಂಡು ಹೋಗಿದೆ, ಗೌಡರ ಜಗಲಿ ಮೇಲೆ ಕೂತು ಕಥೆ ಹೇಳ್ದಂಗೆ. ಕನ್ನಡದಲ್ಲಿ ಬರೆಯೋರಿಗೆ ಇದು ತಪ್ಪಿಸ್ಕೊಳ್ಳೋಕೆ ಆಗದ ವಿಷ್ಯ, ಕ್ರಿಯಾಪದದ ಕೊನೇಲಿ ಯಾರಿಗೆ ಎಷ್ಟು ಮರ್ಯಾದೆ ಅನ್ನೋದು ಬಂದೇ ಬರತ್ತೆ, ಮರ್ಯಾದೆ ಕೊಡ್ತಿರೋರು ಯಾರು ಅಂತ ಮೊದ್ಲೇ ಗೊತ್ತಿರ್ಬೇಕು.

ಎಲ್ಲರಿಗೂ ಬಹುವಚನ ಹಾಕಿ ನೋಡ್ದೆ, ಸರ್ಕಾರಿ ಸುತ್ತೋಲೆ ಥರ ಆಯ್ತು. ಎಲ್ಲರಿಗೂ ಏಕವಚನ ಹಾಕಿದ್ರೆ ಸಿಟ್ಟು ಮಾಡ್ಕೊಂಡು ಬರೆದಂಗಿತ್ತು. ಕೊನೆಗೆ ಸುಮನ ಬಾಯಲ್ಲೇ ಹೇಳ್ಸೋಣ ಅಂತ ತೀರ್ಮಾನ ಮಾಡಿದ್ಮೇಲೆ ತಾನೇ ಸರಿಹೋಯ್ತು. ಅವಳ ಬಾಯಲ್ಲಿ ಅಪ್ಪ ಬಂದ್ರು, ಅಮ್ಮ ಬಂದ್ಲು, ದ್ಯಾವಮ್ಮಜ್ಜಿ ಬಂತು. ನಮ್ಮ ಕಡೆ ವಯಸ್ಸಾದೋರನ್ನ ಹಂಗೇ ಅನ್ನೋದು, ಅಜ್ಜ ಹೋಯ್ತು, ಅಜ್ಜಿ ಊಟ ಮಾಡ್ತು, ಅದ್ರಲ್ಲಿ ಪ್ರೀತಿ ಇದೆ, ಸದರ ಇದೆ, ಅಗೌರವ ಇಲ್ಲ. ಗೌಡರ ಮಗನಿಗೆ ಎಲ್ರ ಎದುರು 'ಬಂದ್ರು', ಒಬ್ಬಳೇ ಯೋಚನೆ ಮಾಡುವಾಗ 'ಬಂದ'. ಪುಸ್ತಕ ನೋಡಿದ್ಮೇಲೆ ಅಪ್ಪನನ್ನೂ ಏಕವಚನಕ್ಕೆ ಇಳಿಸಿಬಿಡೋಣ ಅಂತ ಬಹಳ ಆಸೆ ಆಗಿತ್ತು, ಎರಡು ಅಧ್ಯಾಯ ಹಂಗೇ ಬರೆದೂ ನೋಡ್ದೆ. ಜಾಣತನ ಕಾಣ್ತಿತ್ತು, ಹುಡುಗಿ ಕಾಣ್ತಿರ್ಲಿಲ್ಲ. ಅಪ್ಪ ಕಳ್ಳ ಅಂತ ಗೊತ್ತಾದ ದಿನವೂ ನಮ್ಮ ಹುಡುಗೀರು 'ಅಪ್ಪ ಬಂದ್ರು' ಅಂತಾನೇ ಅನ್ನೋದು. ಹಾಗೇ ಬಿಟ್ಟೆ.

ಸುಮ ಹೇಳೋಕೆ ಶುರು ಮಾಡಿದ್ಮೇಲೆ ಅವಳು ನೋಡಿರೋಕೆ ಸಾಧ್ಯ ಇಲ್ಲದ್ದೆಲ್ಲ ಉದುರಿಹೋಯ್ತು, ಗೌಡರ ಮನೆ ಒಳಗಿನ ಮಾತುಕತೆ, ಅಕ್ಕನ ಕೊಂಕು, ಆಸ್ತಿ ಭಾಗದ ಪಂಚಾಯ್ತಿ. ಮೊದ್ಲು ಕತ್ತರಿಸೋಕೆ ಕೈ ಬರದೆ ಒದ್ದಾಡಿದ್ದ ಅಧ್ಯಾಯಗಳೇ ಇವು. ಉಳಿದಿದ್ದರಲ್ಲೂ ಬಣ್ಣ ಬದಲಾಯ್ತು. ಜನವರೀಲಿ ಅಕಾಲದ ಮಳೆ ಬಿದ್ದು ತೋಟವೆಲ್ಲ ಹೂವಾಗೋ ಒಂದು ದೃಶ್ಯ ಇತ್ತು, ಕರಡಲ್ಲಿ ಅದು ಪ್ರೇಮದ ಸೀನು, ಮಲ್ಲಿಗೆ ಥರ ಘಮ, ಬೆಳ್ಳಗೆ ಹಾಸಿದಂಗೆ. ಹಣ್ಣು ಕುಯ್ದು ಮುಗಿಯೋಕ್ ಮುಂಚೆ ಹೂವು ಬಂದ್ರೆ ಅದು ತೋಟದೋರಿಗೆ ಶಾಪ, ಹಣ್ಣು ಕುಯ್ಯೋಕ್ ಹೋದ್ರೆ ಹೂವು ಉದುರತ್ತೆ, ಮುಂದ್ಲ ವರ್ಷದ ಫಸಲು ಹೋದಂಗೆ. ಘಮ ಹಂಗೇ ಇದೆ ಈಗ್ಲೂ, ಆದ್ರೆ ಸುಮ ಮೂಗು ಮುಚ್ಕೊಂಡು ಹೋಗ್ತಾಳೆ, ಯಾಕಂದ್ರೆ ಹೂವು ಉದುರಿಸಿದ್ರಿ ಅಂತ ಆವತ್ತು ಬೈಸ್ಕೊಂಡಿರ್ತಾರೆ ಎಲ್ರೂ.

ಭಾಷೆ ತಿದ್ದೋಕೆ ಕೂತಿದ್ದು ಇಷ್ಟೆಲ್ಲ ಆದ್ಮೇಲೆ. ಫೋನಿಗೆ ಓದೋಕೆ ಹೇಳಿದ್ರೆ ಕನ್ನಡ ಗಟ್ಟಿಯಾಗಿ ಓದತ್ತೆ ಈಗ, ಭಾವನೆ ಗೀವನೆ ಏನಿಲ್ಲದೆ, ಬಸ್ ಸ್ಟ್ಯಾಂಡಲ್ಲಿ ಅನೌನ್ಸ್ ಮಾಡ್ದಂಗೆ. ಅದು ಓದಿದ್ರೂ ವಾಕ್ಯ ನಿಂತ್ಕೊಂಡ್ರೆ ಆ ವಾಕ್ಯ ಪಾಸು. ಮಾತುಕತೆ ಇರೋ ಕಡೆ ಮಾತ್ರ ಫೋನ್ ಸಾಲ್ದು, ನನ್ನ ಹೆಂಡತಿ ಹತ್ರ ಓದಿಸ್ದೆ, ಅವಳು ಅರಸೀಕೆರೆ ಕಡೆಯವಳು, "ಇದು ನಿಮ್ಮ ಘಟ್ಟದ ಕಡೆ ಮಾತಾ, ಟಿವಿ ಸೀರಿಯಲ್ ಮಾತಾ?" ಅಂತ ಕೇಳಿದ ಕಡೆಯೆಲ್ಲ ನೋಡಿದ್ರೆ ಸೀರಿಯಲ್ಲೇ ಆಗಿತ್ತು. ಎಲ್ಲಾ ಪಾತ್ರಗಳೂ ಮಾತಿಗೊಂದ್ಸಲ ನಿಟ್ಟುಸಿರು ಬಿಡ್ತಿದ್ವು, ಆಸ್ತಮಾ ವಾರ್ಡ್ ಥರ. ಅದನ್ನ ಹುಡುಕೋಕೆ ಒಂದು ಟಿಪ್: ಪೂರ್ತಿ ಪದ ಹಾಕಿ ಸರ್ಚ್ ಮಾಡಿದ್ರೆ ಅರ್ಧ ಸಿಗಲ್ಲ, ವಿಭಕ್ತಿ, ಸಂಧಿ ಎಲ್ಲ ಅಂಟ್ಕೊಂಡಿರತ್ತೆ, 'ನಿಟ್ಟುಸಿರ' ತನಕ ಮಾತ್ರ ಹಾಕಿ, ನಿಟ್ಟುಸಿರು, ನಿಟ್ಟುಸಿರಿಟ್ಟ, ನಿಟ್ಟುಸಿರಿನ ಎಲ್ಲ ಬಲೆಗೆ ಬೀಳತ್ತೆ. ಹಳೇ ಅಧ್ಯಾಯಗಳನ್ನ ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದೆ, ಯೂನಿಕೋಡ್‌ಗೆ ಕನ್ವರ್ಟ್ ಮಾಡಿದಾಗ ಅಲ್ಲಲ್ಲಿ ಒತ್ತಕ್ಷರ ಕೆಟ್ಟು ಏನೇನೋ ಚಿಹ್ನೆ ಬಂದಿತ್ತು, ಅದು ಬರೀ ಕಣ್ಣು ನೋವಿನ ಕೆಲಸ, ಅದ್ರ ಬಗ್ಗೆ ಹೇಳೋಕೇನಿಲ್ಲ.

ಇಬ್ಬರಿಗೆ ಓದೋಕ್ ಕೊಟ್ಟೆ. ಕಾಲೇಜಲ್ಲಿ ಕನ್ನಡ ಪಾಠ ಮಾಡೋ ಗೆಳೆಯ 'ಅಜ್ಜಿ ಬಂತು' ಅನ್ನೋದನ್ನೆಲ್ಲ ಕೆಂಪು ಇಂಕಲ್ಲಿ 'ಬಂದಳು' ಅಂತ ತಿದ್ದಿ ಕಳ್ಸಿದ, ಬಾಯಿಗೆ ಬಂದಂಗೆ ಜಗಳ ಆಡಿದ್ವಿ, ಈಗ್ಲೂ ಅವನು ಒಪ್ಪಿಲ್ಲ. ಬೆಂಗಳೂರಲ್ಲಿರೋ ಅಕ್ಕನ ಮಗಳಿಗೆ ಪೂಲ್, ಕಂತು, ಪಾಯಿಂಟ್ ಇದೆಲ್ಲ ಅರ್ಥವೇ ಆಗ್ಲಿಲ್ಲವಂತೆ, "ಮಾವ, ಕಾಫಿ ಇದ್ರೂ ಅವ್ರಿಗೆ ದುಡ್ಡು ಯಾಕಿಲ್ಲ?" ಅಂತ ಮೆಸೇಜ್ ಮಾಡಿದ್ಲು. ವಿವರಿಸೋ ಪ್ಯಾರಾ ಸೇರ್ಸೋಣ ಅನ್ಕೊಂಡೆ, ಆಮೇಲೆ ಅವಳ ಪ್ರಶ್ನೆನೇ ಎತ್ತಿ ಸುಮನ ತಮ್ಮನ ಬಾಯಿಗೆ ಹಾಕ್ದೆ. ಎಂಟು ವರ್ಷದ ಹುಡುಗ ಕೇಳ್ತಾನೆ, ಅಪ್ಪ ಊಟ ಮಾಡ್ತಾ ಎರಡು ಮಾತಲ್ಲಿ ಹೇಳ್ತಾರೆ, ಮುಗೀತು.

ಕೊನೇ ಅಧ್ಯಾಯ ಮಾತ್ರ ಇನ್ನೂ ಕೂತಿಲ್ಲ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಬೆಳೆ ಹಾಳಾಗಿ ಇಲ್ಲಿ ಕಾಫಿಗೆ ಬಂಗಾರದ ರೇಟ್ ಬಂದಿದ್ದು, ಆಮೇಲೆ 2001-02ರ ಹೊತ್ತಿಗೆ ರೇಟ್ ಪಾತಾಳಕ್ಕೆ ಬಿದ್ದು ಹಣ್ಣು ಕುಯ್ಸೋ ಖರ್ಚೇ ಹುಟ್ಟದಂಗಾಗಿದ್ದು, ಎರಡೂ ಕಥೇಲಿ ಇದೆ. ಕರಡಲ್ಲಿ ಸುಮ 2002ರಲ್ಲಿ ಬ್ಯಾಂಕ್ ಆಫೀಸರ್ ಆಗಿ ಎಸ್ಟೇಟಿಗೆ ವಾಪಸ್ ಬಂದು, ಸಾಲದ ಫೈಲ್ ಹಿಡ್ಕೊಂಡು ಗೌಡರ ಎದುರು ಕೂತು, ನಾಲ್ಕು ಪುಟ ಜೀವನದ ಬಗ್ಗೆ ಯೋಚನೆ ಮಾಡ್ತಿದ್ಲು. ಆ ನಾಲ್ಕು ಪುಟ ತೆಗೆದಾಯ್ತು. ಬ್ಯಾಂಕ್ ಆಫೀಸರ್ ಅನ್ನೋದೂ ಅನುಮಾನ ಹುಟ್ಸ್ತಿದೆ, ಲೆಕ್ಕ ಬಹಳ ಸರಿಯಾಗಿ ತಾಳೆ ಆಗ್ಬಿಡತ್ತೆ, ಅಪ್ಪ ಕದ್ದ, ಮಗಳು ದುಡ್ಡು ಕಾಯೋ ಕೆಲಸಕ್ಕೆ ಸೇರಿದ್ಲು ಅಂತ. ದ್ಯಾವಮ್ಮಜ್ಜಿ ಮೊಮ್ಮಗನ ಎದುರು ಅವಳು ಕೂರ್ಬೇಕೋ, ಗೌಡರ ಎದುರೋ, ಅದೇ ತೀರ್ಮಾನ ಆಗ್ತಿಲ್ಲ. ಮೊಮ್ಮಗ ಅಂದ್ರೆ ಅವನಿಗೆ ತೂಕದ ವಿಷ್ಯ ಗೊತ್ತಿರ್ಬೇಕಾ, ಗೊತ್ತಿದ್ರೆ ಯಾರು ಹೇಳಿದ್ದು, ಅಜ್ಜಿಗೆ ಗೊತ್ತಿತ್ತಾ ಹಾಗಾದ್ರೆ ಅಷ್ಟು ವರ್ಷ? ಗೊತ್ತಿತ್ತು ಅಂದ್ರೆ ಹಿಂದಿನ ಎಲ್ಲಾ ತೂಕದ ಸೀನುಗಳನ್ನ ಮತ್ತೆ ಮುಟ್ಬೇಕು, ಚೀಲ ಇಳಿಸೋ ಕೈ ಬೇರೆ ಥರ ಇಳಿಸತ್ತೆ.

ಪಬ್ಲಿಷರ್ ಒಬ್ಬರು ಮೊದಲ ಮೂರು ಅಧ್ಯಾಯ ಓದಿ, ಪೂರ್ತಿ ಕಳ್ಸಿ, ಡೆಮಿ 1/8 ಸೈಜಿನ ಪುಸ್ತಕದಲ್ಲಿ 250 ಪುಟ ದಾಟಬಾರ್ದು ಅಂದಿದಾರೆ. ಪುಟದ್ದು ತೊಂದರೆ ಇಲ್ಲ, ಅಷ್ಟು ಕತ್ತರಿಸಿದೀನಿ. ಇವತ್ತು ಮಧ್ಯಾಹ್ನ ದೊಡ್ಡಪ್ಪಂಗೆ ಫೋನ್ ಮಾಡಿ, ತೂಕ ಕಮ್ಮಿ ಕೂಗ್ತಾರೆ ಅನ್ನೋದು ಕುಯ್ಯೋರಿಗೆ ಗೊತ್ತಾಗ್ತಿತ್ತಾ ಅಂತ ಕೇಳ್ದೆ. "ಫೋನಲ್ಲಿ ಹೇಳೋದಲ್ಲ, ಬಾ" ಅಂದ್ರು. ಭಾನುವಾರ ಅಂಗಡಿ ಹುಡುಗನಿಗೆ ಬಿಟ್ಟು ಹೋಗ್ಬೇಕು.